ಗ್ರಂಥಾಲಯದ ಗಣಕಯಂತ್ರ ಮತ್ತು ಗಡಿನಾಡಿನ ಉದ್ಯೋಗಾರ್ಥಿ

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಶಾಲೆಯ ನೂರನೆಯ ವರ್ಷದ ಈ ಸಂಭ್ರಮದಲ್ಲಿ ಮಾತನಾಡಲು ನನ್ನನ್ನು ಕರೆದ ಸಮಿತಿಗೆ ಮೊದಲು ನನ್ನ ಕೃತಜ್ಞತೆಗಳು. ಶತಮಾನೋತ್ಸವದ ವೇದಿಕೆಯಲ್ಲಿ ಕಳೆದ ಕಾಲವನ್ನು ನೆನೆಯುವುದು ರೂಢಿ. ಅದು ಯೋಗ್ಯವೂ ಹೌದು. ಆ ಕೆಲಸವನ್ನು ನನಗಿಂತ ಹಿರಿಯರು, ನನಗಿಂತ ಹೆಚ್ಚು ಬಲ್ಲವರು ಈಗಾಗಲೇ ಮಾಡಿದ್ದಾರೆ. ಗ್ರಂಥಾಲಯದ ಕೆಲಸದಲ್ಲಿ ಬಹುಕಾಲ ಕಳೆದವನಾದ ನಾನು, ಈ ಶಾಲೆಯಿಂದ ಹೊರಗೆ ಹೋದ ಮಕ್ಕಳ ಮುಂದಿನ ದಾರಿಯ ಬಗ್ಗೆ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ, ಮುಂದೆ ಪದವಿಯನ್ನೋ ಐಟಿಐಯನ್ನೋ ಪೂರೈಸಿ, ಕೆಲಸಕ್ಕಾಗಿ ಕಾಯುತ್ತಿರುವ ಯುವಕ ಯುವತಿಯರು ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ನಮ್ಮ ಪ್ರತಿಯೊಂದು ಊರಿನಲ್ಲೂ ಇದ್ದಾರೆ. ಅವರಿಗೂ ಉದ್ಯೋಗಕ್ಕೂ ನಡುವೆ ಇಂದು ಗಣಕಯಂತ್ರದ ಪರದೆಯೊಂದು ನಿಂತಿದೆ. ಅದನ್ನು ದಾಟಲು ನಮ್ಮ ಊರಿನ ಗ್ರಂಥಾಲಯಗಳು ಹೇಗೆ ನೆರವಾಗಬಲ್ಲವು ಎಂಬುದೇ ನನ್ನ ಇಂದಿನ ವಿಷಯ.

ಈ ಶಾಲೆ ಬಾಗಿಲು ತೆರೆದಾಗ ಈ ನೆಲ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1926ರಲ್ಲಿ, ಇಲ್ಲಿಂದ ಬಹು ದೂರದ ತಿರುವಾಂಕೂರಿನ ನೀಲಂಪೇರೂರು ಎಂಬ ಹಳ್ಳಿಯಲ್ಲಿ ಪಿ. ಎನ್. ಪಣಿಕ್ಕರ್ ಎಂಬ ತರುಣರು ಒಂದು ಸಣ್ಣ ವಾಚನಾಲಯವನ್ನು ಆರಂಭಿಸಿದರು. 1945ರಲ್ಲಿ ಅವರು 47 ಗ್ರಂಥಾಲಯಗಳನ್ನು ಒಗ್ಗೂಡಿಸಿ ತಿರುವಾಂಕೂರು ಗ್ರಂಥಶಾಲಾ ಸಂಘವನ್ನು ಕಟ್ಟಿದರು. ಮುಂದೆ ಅದೇ ಕೇರಳ ಗ್ರಂಥಶಾಲಾ ಸಂಘವಾಗಿ ಬೆಳೆದು, ಸಾಕ್ಷರತೆಯ ಸೇವೆಗಾಗಿ 1975ರಲ್ಲಿ ಯುನೆಸ್ಕೋದ ಕ್ರುಪ್‌ಸ್ಕಾಯಾ ಪ್ರಶಸ್ತಿಯನ್ನು ಪಡೆಯಿತು. ಪಣಿಕ್ಕರ್ ಅವರು ತೀರಿಕೊಂಡ ಜೂನ್ 19ನ್ನು ಇಂದು ನಮ್ಮ ಶಾಲೆಯೂ ವಾಚನ ದಿನವಾಗಿ ಆಚರಿಸುತ್ತದೆ.

ನಮ್ಮ ಭಾಗಕ್ಕೂ ಇನ್ನೊಂದು ಪರಂಪರೆಯಿದೆ. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದದ್ದು 1948ರಲ್ಲಿ, ಮದ್ರಾಸ್ ಪ್ರಾಂತದಲ್ಲಿ. ಅದರ ಹಿಂದಿದ್ದ ಪ್ರೇರಕ ಶಕ್ತಿ ಎಸ್. ಆರ್. ರಂಗನಾಥನ್. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಯಿತು. ಕಾಸರಗೋಡು ಕೇರಳಕ್ಕೆ ಸೇರಿತು. ಕೇರಳದ ಇಂದಿನ ಗ್ರಂಥಾಲಯ ಕಾಯಿದೆ 1989ರದು. ನಾವು ಕಟ್ಟುವ ಕಟ್ಟಡ ತೆರಿಗೆಯ ಪ್ರತಿ ರೂಪಾಯಿಯ ಮೇಲೆ 5 ಪೈಸೆ ಗ್ರಂಥಾಲಯ ಉಪಕರವಾಗಿ ಸೇರಬೇಕೆಂದು ಆ ಕಾಯಿದೆ ವಿಧಿಸಿತು. ಇದನ್ನು ನಾನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಗ್ರಂಥಾಲಯದ ಮೆಟ್ಟಿಲು ಹತ್ತಿ ನೆರವು ಕೇಳುವವನು ಯಾರ ದಾಕ್ಷಿಣ್ಯವನ್ನೂ ಬೇಡುತ್ತಿಲ್ಲ. ತನ್ನ ಮನೆಯವರು ತೆತ್ತ ಹಣದ ಪ್ರಯೋಜನವನ್ನು ಕೇಳುತ್ತಿದ್ದಾನೆ.

ಒಂದು ಕಾಲದಲ್ಲಿ ಉದ್ಯೋಗಾರ್ಥಿಗೆ ವಾಚನಾಲಯದಲ್ಲಿ ಬೇಕಾಗಿದ್ದದ್ದು ದಿನಪತ್ರಿಕೆ. ಜಾಹೀರಾತಿನ ಪುಟವನ್ನು ಓದಿ, ಅಂಚೆ ಕಚೇರಿಗೆ ಹೋಗಿ, ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಕಳುಹಿಸಿದರೆ ಅವನ ಕೆಲಸ ಮುಗಿಯುತ್ತಿತ್ತು. ಅಕ್ಷರ ಸುಂದರವಾಗಿರುವ ಮಾಷ್ಟ್ರೊಬ್ಬರ ಸಹಾಯ ದೊರೆತರೆ ಸಾಕಿತ್ತು. ಈಗ ಕೇರಳ ಲೋಕಸೇವಾ ಆಯೋಗದ, ಅಂದರೆ ನಾವೆಲ್ಲ ಪಿಎಸ್‌ಸಿ ಎಂದು ಕರೆಯುವ ಸಂಸ್ಥೆಯ, ಯಾವುದೇ ಹುದ್ದೆಗೆ ಅರ್ಜಿ ಹಾಕಬೇಕಾದರೆ ಮೊದಲು ಅಂತರಜಾಲದಲ್ಲಿ ಒಂದು ಬಾರಿಯ ನೋಂದಣಿ ಮಾಡಬೇಕು. ನಿಗದಿತ ಅಳತೆಯ ಭಾವಚಿತ್ರ ಮತ್ತು ಸಹಿಯನ್ನು ಏರಿಸಬೇಕು. ಅಧಿಸೂಚನೆ ಬಂದಾಗ ತನ್ನ ಖಾತೆಯ ಮೂಲಕವೇ ಅರ್ಜಿ ಸಲ್ಲಿಸಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಪರೀಕ್ಷೆಯ ದಿನ ಗೊತ್ತಾದ ಮೇಲೆ, ತಾನು ಪರೀಕ್ಷೆ ಬರೆಯುವುದು ಖಚಿತ ಎಂದು ನಿಗದಿತ ಅವಧಿಯೊಳಗೆ ಮತ್ತೊಮ್ಮೆ ದೃಢೀಕರಿಸಬೇಕು. ತಪ್ಪಿದರೆ ಅರ್ಜಿಯೇ ತಿರಸ್ಕೃತವಾಗುತ್ತದೆ. ಪ್ರವೇಶಪತ್ರ ಅಂಚೆಯಲ್ಲಿ ಬರುವುದಿಲ್ಲ. ಅದನ್ನೂ ಖಾತೆಯಿಂದಲೇ ಇಳಿಸಿಕೊಳ್ಳಬೇಕು.

ಇದರಲ್ಲಿ ಒಂದು ಒಳ್ಳೆಯ ಅಂಶವೂ ಇದೆ. ಪಿಎಸ್‌ಸಿ ಅರ್ಜಿಗೆ ಶುಲ್ಕವನ್ನೇ ವಿಧಿಸುವುದಿಲ್ಲ. ಆದರೆ ಸ್ವಂತ ಗಣಕಯಂತ್ರವಿಲ್ಲದ ಮನೆಯ ಹುಡುಗಿ ಪೇಟೆಗೆ ಬಸ್ಸಿನಲ್ಲಿ ಹೋಗಿ, ಅಂಗಡಿಯಲ್ಲಿ ಸರದಿ ನಿಂತು, ಅರ್ಜಿಯನ್ನು ತುಂಬಿಸಿಕೊಂಡು ಬರುವಾಗ ಅವಳಿಗೆ ಆ ಅರ್ಜಿ ಉಚಿತವಾಗಿ ಉಳಿದಿರುವುದಿಲ್ಲ. ಅದಕ್ಕಿಂತಲೂ ಹೆಚ್ಚಿನ ನಷ್ಟ ಬೇರೊಂದಿದೆ. ಅವಳ ಖಾತೆಯ ಪಾಸ್‌ವರ್ಡ್ ಅಂಗಡಿಯವರ ಪುಸ್ತಕದಲ್ಲಿ ಉಳಿಯುತ್ತದೆ. ಅರ್ಜಿಯಲ್ಲಿ ಏನು ತುಂಬಿದೆ ಎಂಬುದು ಅವಳಿಗೆ ತಿಳಿದಿರುವುದಿಲ್ಲ. ದೃಢೀಕರಣದ ದಿನ ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ವರ್ಷವಿಡೀ ಓದಿ ಸಿದ್ಧರಾದವರು ಓದಿನಲ್ಲಿ ಸೋಲದೆ, ಇಂಥ ಒಂದು ಗುಂಡಿ ಒತ್ತದ ಕಾರಣಕ್ಕೆ ಪರೀಕ್ಷಾ ಕೊಠಡಿಯ ಹೊರಗೆ ಉಳಿದುದನ್ನು ನಾನು ಕಂಡಿದ್ದೇನೆ.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಗ್ರಂಥಾಲಯದಲ್ಲಿ ಗಣಕಯಂತ್ರ ಏತಕ್ಕೆ ಎಂದು ಕೆಲವರು ಕೇಳುವುದುಂಟು. ಪ್ರಶ್ನೆ ಸಹಜವಾದದ್ದೇ. ಅಧಿಸೂಚನೆಯನ್ನು ನೋಡಲು, ವಿಡಿಯೋ ಪಾಠ ಕೇಳಲು ಮೊಬೈಲ್ ಸಾಕು. ಆದರೆ ಪ್ರಮಾಣಪತ್ರಗಳನ್ನು ಸ್ಕ್ಯಾನ್ ಮಾಡಿ ಅಳತೆಗೆ ತರುವುದು, ಹತ್ತಾರು ಅಂಕಣಗಳ ಅರ್ಜಿಯನ್ನು ತಪ್ಪಿಲ್ಲದೆ ತುಂಬುವುದು, ಸ್ವವಿವರವನ್ನು ಅಂದವಾಗಿ ಸಿದ್ಧಪಡಿಸಿ ಮುದ್ರಿಸುವುದು ಅಂಗೈಯಗಲದ ಪರದೆಯಲ್ಲಿ ಕಷ್ಟ. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ ಬ್ಯಾಂಕು, ರೈಲ್ವೆ, ಕೇಂದ್ರ ಸರಕಾರದ ಸ್ಟಾಫ್ ಸೆಲೆಕ್ಷನ್ ಕಮಿಷನ್ ಮೊದಲಾದವುಗಳ ಪರೀಕ್ಷೆಗಳು ಈಗ ಗಣಕಯಂತ್ರದ ಮೇಲೆಯೇ ನಡೆಯುತ್ತವೆ. ಮೌಸ್ ಹಿಡಿದು ಅಭ್ಯಾಸವಿಲ್ಲದವನು, ಪರದೆಯ ಮೂಲೆಯಲ್ಲಿ ಓಡುತ್ತಿರುವ ಗಡಿಯಾರವನ್ನು ಮೊದಲ ಬಾರಿ ನೋಡುವವನು, ಉತ್ತರ ಗೊತ್ತಿದ್ದರೂ ಮೊದಲ ಹತ್ತು ನಿಮಿಷಗಳನ್ನು ಗಾಬರಿಯಲ್ಲೇ ಕಳೆಯುತ್ತಾನೆ. ಗ್ರಂಥಾಲಯದಲ್ಲಿ ವಾರಕ್ಕೆರಡು ಬಾರಿ ಮಾದರಿ ಪರೀಕ್ಷೆಗೆ ಕುಳಿತರೆ ಆ ಗಾಬರಿ ಇರುವುದಿಲ್ಲ.

ಇನ್ನೊಂದು ಪ್ರಶ್ನೆಯೂ ಇದೆ: ಅಕ್ಷಯ ಕೇಂದ್ರಗಳಿವೆಯಲ್ಲ? ಹೌದು, ಇವೆ. 2002ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಆರಂಭವಾದ ಅಕ್ಷಯ ಯೋಜನೆ, ಮನೆಗೊಬ್ಬರಿಗೆ ಗಣಕಯಂತ್ರದ ಪರಿಚಯ ಮಾಡಿಕೊಡುವ ಉದ್ದೇಶದಿಂದ ಹುಟ್ಟಿದ್ದು; ದೇಶಕ್ಕೇ ಮಾದರಿಯಾದದ್ದು. ಕಾಲಕ್ರಮದಲ್ಲಿ ಆ ಕೇಂದ್ರಗಳ ಮೇಲೆ ಸರಕಾರಿ ಸೇವೆಗಳ ಹೊರೆ ಬಿದ್ದಿದೆ. ಆಧಾರ್, ಪಡಿತರ ಚೀಟಿ, ಪಿಂಚಣಿ, ಪ್ರಮಾಣಪತ್ರ ಎಂದು ಜನ ಸಾಲುಗಟ್ಟಿ ನಿಂತಿರುವಾಗ ಒಬ್ಬೊಬ್ಬರನ್ನೂ ಪಕ್ಕದಲ್ಲಿ ಕುಳ್ಳಿರಿಸಿ ಕಲಿಸಲು ಅಲ್ಲಿ ಪುರುಸೊತ್ತಿಲ್ಲ. ಅಲ್ಲಿ ನಮ್ಮ ಕೆಲಸವನ್ನು ಮಾಡಿಕೊಡುತ್ತಾರೆ. ಗ್ರಂಥಾಲಯ ಮಾಡಬೇಕಾದದ್ದು, ಆ ಕೆಲಸವನ್ನು ನಾವೇ ಮಾಡುವಂತೆ ಕಲಿಸಿಕೊಡುವುದನ್ನು. ಎರಡೂ ಬೇಕು; ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು. 2025ರ ಆಗಸ್ಟ್ ತಿಂಗಳಿನಲ್ಲಿ ಕೇರಳವನ್ನು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿಸಲಾಯಿತು. ಹೆಮ್ಮೆಯ ಮಾತು. ಆದರೆ ಮೊಬೈಲಿನಲ್ಲಿ ಕರೆ ಮಾಡಿ, ಚಿತ್ರ ಕಳುಹಿಸಲು ಬಂದವರೆಲ್ಲರಿಗೂ ಉದ್ಯೋಗದ ಅರ್ಜಿ ಸಲ್ಲಿಸಲು ಬಂದಿತೆಂದು ತಿಳಿಯಬಾರದು. ಸಾಕ್ಷರತೆಗೂ ಓದಿಗೂ ಇರುವಷ್ಟು ದೂರ ಇಲ್ಲಿಯೂ ಇದೆ.

ಇಲ್ಲಿಯವರೆಗೆ ಹೇಳಿದ್ದು ಕೇರಳದ ಎಲ್ಲ ಉದ್ಯೋಗಾರ್ಥಿಗಳಿಗೂ ಅನ್ವಯಿಸುವ ಮಾತು. ಕನ್ನಡ ಮಾಧ್ಯಮದಲ್ಲಿ ಓದಿದವರ ಕಷ್ಟ ಇದರ ಮೇಲೆ ಇನ್ನೊಂದು ಪದರವಾಗಿ ಕೂಡುತ್ತದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ, ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಆ ಭಾಷೆಯಲ್ಲೇ ಬರಬೇಕು ಎಂದು ಹೇಳುತ್ತದೆ. ಹಿರಿಯರು ಹೋರಾಡಿ ಉಳಿಸಿಕೊಂಡ ಹಕ್ಕುಗಳಲ್ಲಿ ಇದೊಂದು. ಆದರೆ ಈ ಹಕ್ಕು ಕಾಗದದ ಕಾಲದ್ದು. ಬಿಳಿ ಹಾಳೆಯ ಮೇಲೆ ನಾನು ಕನ್ನಡದಲ್ಲಿ ಬರೆಯಬಲ್ಲೆ. ಪರದೆಯ ಮೇಲಿನ ನಮೂನೆ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದರೆ ನನ್ನ ಕನ್ನಡಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ. ಕಾಗದದಲ್ಲಿ ಸಿಕ್ಕ ಹಕ್ಕು ತಾನಾಗಿಯೇ ಪರದೆಗೆ ದಾಟಿ ಬರುವುದಿಲ್ಲ. ಅದನ್ನು ಕೇಳಬೇಕು, ಕೇಳುತ್ತಲೇ ಇರಬೇಕು. ಅಲ್ಲಿಯವರೆಗೆ ಆ ನಮೂನೆಯನ್ನು ಕನ್ನಡದಲ್ಲಿ ಓದಿ ಹೇಳುವ ಒಬ್ಬರು ಪಕ್ಕದಲ್ಲಿರಬೇಕು.

ಇರುವ ಅವಕಾಶಗಳು ನಮ್ಮವರಿಗೆ ತಿಳಿಯದೆ ಹೋಗುವುದೂ ಉಂಟು. ಪಿಎಸ್‌ಸಿಯ ಹಲವು ಪರೀಕ್ಷೆಗಳಿಗೆ ಕನ್ನಡದಲ್ಲೂ ಪ್ರಶ್ನೆಪತ್ರಿಕೆ ದೊರೆಯುತ್ತದೆ. ಬೇಕಾದವರು ಅದನ್ನು ಸಕಾಲದಲ್ಲಿ ತಮ್ಮ ಖಾತೆಯ ಮೂಲಕ ಆಯ್ದುಕೊಳ್ಳಬೇಕು. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಅಧ್ಯಾಪಕರ ಹುದ್ದೆಗಳಿಗೆ, ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲ ಗುಮಾಸ್ತರ ಹುದ್ದೆಗಳಿಗೆ ಪ್ರತ್ಯೇಕ ಅಧಿಸೂಚನೆಗಳು ಹೊರಡುತ್ತವೆ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಪ್ರಾದೇಶಿಕ ಭಾಷೆಗಳಲ್ಲೂ ನಡೆಸುವ ನಿರ್ಧಾರ 2019ರಲ್ಲಿ ಆಯಿತು. ಸ್ಟಾಫ್ ಸೆಲೆಕ್ಷನ್ ಕಮಿಷನ್ 2023ರಿಂದ ತನ್ನ ಕೆಲವು ಪರೀಕ್ಷೆಗಳನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸತೊಡಗಿದೆ. ಈ ಸುದ್ದಿ ಸಕಾಲಕ್ಕೆ ಊರಿನ ಹುಡುಗನ ಕಿವಿಗೆ ಬೀಳಬೇಕಾದರೆ ಅದನ್ನು ಹುಡುಕಿ, ಕನ್ನಡದಲ್ಲಿ ಬರೆದು, ಎಲ್ಲರಿಗೂ ಕಾಣುವಂತೆ ಅಂಟಿಸುವ ಒಂದು ಫಲಕ ಬೇಕು. ಅದು ಗ್ರಂಥಾಲಯದ ಗೋಡೆಯ ಮೇಲೆ ಇರಬೇಕು.

ಪುಸ್ತಕಗಳ ಮಾತಿಗೆ ಬಂದರೆ ಗಡಿನಾಡಿನ ವಿಚಿತ್ರ ಸ್ಥಿತಿ ಇನ್ನೂ ಸ್ಪಷ್ಟವಾಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಬೆಂಗಳೂರು, ಧಾರವಾಡಗಳಿಂದ ಕನ್ನಡದಲ್ಲಿ ಒಳ್ಳೆಯ ಪುಸ್ತಕಗಳು ಬರುತ್ತವೆ. ಗಣಿತಕ್ಕೆ, ವಿಜ್ಞಾನಕ್ಕೆ, ಭಾರತದ ಸಂವಿಧಾನಕ್ಕೆ ಅವು ಧಾರಾಳವಾಗಿ ಉಪಯೋಗಕ್ಕೆ ಬರುತ್ತವೆ. ಆದರೆ ಅವು ಹೇಳುವ ಪ್ರಾದೇಶಿಕ ಚರಿತ್ರೆ ಕರ್ನಾಟಕದ್ದು. ನಮ್ಮ ಅಭ್ಯರ್ಥಿ ಬರೆಯಬೇಕಾದದ್ದು ಶ್ರೀನಾರಾಯಣ ಗುರುಗಳ ಬಗ್ಗೆ, ಅಯ್ಯನ್‌ಕಾಳಿಯವರ ಬಗ್ಗೆ, 1924ರಲ್ಲಿ ಆರಂಭವಾದ ವೈಕಂ ಸತ್ಯಾಗ್ರಹದ ಬಗ್ಗೆ, ಕೇರಳದ ನದಿಗಳ ಮತ್ತು ಪಂಚಾಯತ್ ವ್ಯವಸ್ಥೆಯ ಬಗ್ಗೆ. ಅದು ಮಲಯಾಳದಲ್ಲಿ ರಾಶಿ ರಾಶಿಯಾಗಿ ಸಿಗುತ್ತದೆ, ಕನ್ನಡದಲ್ಲಿ ಅಪರೂಪ. ಇದನ್ನು ತುಂಬಿಕೊಡಲು ಬಲ್ಲವರು ಈ ಸಭಾಂಗಣದಲ್ಲೇ ಇದ್ದೀರಿ. ಎರಡೂ ಭಾಷೆ ಬಲ್ಲ ಅಧ್ಯಾಪಕರು ತಿಂಗಳಿಗೆ ಒಂದೊಂದು ಅಧ್ಯಾಯದ ಟಿಪ್ಪಣಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ಗ್ರಂಥಾಲಯದ ಗಣಕಯಂತ್ರದಲ್ಲಿ ಇರಿಸಿದರೆ, ಎರಡು ವರ್ಷಗಳಲ್ಲಿ ನಮ್ಮ ಮಕ್ಕಳಿಗೆ ಒಂದು ಕೈಪಿಡಿಯೇ ದೊರೆಯುತ್ತದೆ.

ಕನ್ನಡದ ಬೆರಳಚ್ಚಿನ ಬಗ್ಗೆಯೂ ಒಂದು ಮಾತು. ಗಣಕಯಂತ್ರದಲ್ಲಿ ಕನ್ನಡ ಮೂಡಿಸುವ ಕೆಲಸಕ್ಕೆ ಮೊದಲಿಗರಾಗಿ ದುಡಿದವರಲ್ಲಿ ಒಬ್ಬರು ನಮ್ಮ ಕರಾವಳಿಯವರೇ ಆದ ಕೆ. ಪಿ. ರಾವ್. ಅವರು ತಮ್ಮ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಕೀಲಿಮಣೆಯ ವಿನ್ಯಾಸಕ್ಕೆ ಅವರ ವಿನ್ಯಾಸವೇ ಆಧಾರ. ಆದರೂ ಕನ್ನಡದಲ್ಲಿ ಪದವಿ ಪಡೆದ ಎಷ್ಟೋ ಮಂದಿಗೆ ಒಂದು ಪುಟ ಕನ್ನಡವನ್ನು ಬೆರಳಚ್ಚು ಮಾಡಲು ಬರುವುದಿಲ್ಲ. ಬಂದವರಲ್ಲೂ ಕೆಲವರು ಹಳೆಯ ಅಕ್ಷರವಿನ್ಯಾಸದಲ್ಲಿ ಬರೆಯುತ್ತಾರೆ; ಕಳುಹಿಸಿದ ಕಡತ ಇನ್ನೊಂದು ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಬರೆಯುವುದನ್ನು ಕಲಿಸಿದರೆ ಈ ತೊಂದರೆ ಇಲ್ಲ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ತಪ್ಪಿಲ್ಲದೆ ಬೆರಳಚ್ಚು ಮಾಡಬಲ್ಲವರು ಈ ಜಿಲ್ಲೆಯ ಯಾವ ಕಚೇರಿಗೂ, ಯಾವ ಮುದ್ರಣಾಲಯಕ್ಕೂ ಬೇಕಾದವರೇ.

ಹಾಗಾದರೆ ಗ್ರಂಥಾಲಯ ಏನು ಮಾಡಬೇಕು? ದೊಡ್ಡ ಕಟ್ಟಡ ಬೇಕಾಗಿಲ್ಲ. ಮೂರೋ ನಾಲ್ಕೋ ಯಂತ್ರಗಳು, ಒಂದು ಸ್ಕ್ಯಾನರ್, ಒಂದು ಮುದ್ರಕ, ನಂಬಲು ತಕ್ಕ ಅಂತರಜಾಲ ಸಂಪರ್ಕ ಇದ್ದರೆ ಆರಂಭಿಸಬಹುದು. ಕೇರಳದ ಶಾಲೆಗಳಲ್ಲಿ ಬಹುಕಾಲದಿಂದ ಮುಕ್ತ ತಂತ್ರಾಂಶವನ್ನೇ ಬಳಸುತ್ತಿರುವುದು ನಿಮಗೆಲ್ಲ ತಿಳಿದಿದೆ. ಅದೇ ತಂತ್ರಾಂಶವನ್ನು ಗ್ರಂಥಾಲಯದಲ್ಲೂ ಹಾಕಿದರೆ ಪರವಾನಗಿಗೆ ಹಣ ತೆರಬೇಕಾಗಿಲ್ಲ. ಹಳೆಯ ಯಂತ್ರಗಳೂ ಕೆಲಸಕ್ಕೆ ಬರುತ್ತವೆ. ಯಂತ್ರಕ್ಕಿಂತ ಹೆಚ್ಚಾಗಿ ಬೇಕಾದವು ಸಮಯ ಮತ್ತು ಮನುಷ್ಯ. ಹಗಲು ಕೂಲಿಗೆ ಹೋಗುವವನಿಗೆ ಸಂಜೆ ಆರರ ನಂತರ ಬಾಗಿಲು ತೆರೆದಿರಬೇಕು. ಮನೆಗೆಲಸ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಮಧ್ಯಾಹ್ನದ ಎರಡು ತಾಸು ಮೀಸಲಾಗಿರಬೇಕು. ಯಂತ್ರದ ಪಕ್ಕದಲ್ಲಿ ತಾಳ್ಮೆಯಿಂದ ಹೇಳಿಕೊಡುವ ಒಬ್ಬರು ಕುಳಿತಿರಬೇಕು.

ಹಾಗೆ ಕುಳಿತವರು ಕೆಲವು ನಿಯಮಗಳನ್ನು ಪಾಲಿಸಬೇಕು. ಕಲಿಯುವವರ ಕೈಯಿಂದ ಮೌಸನ್ನು ಕಸಿದುಕೊಳ್ಳಬಾರದು. ನಿಧಾನವಾದರೂ ಅವರೇ ತುಂಬಲಿ. ಅವರ ಪಾಸ್‌ವರ್ಡನ್ನು ಕೇಳಬಾರದು, ಬರೆದಿಟ್ಟುಕೊಳ್ಳಬಾರದು. ಎಲ್ಲರೂ ಬಳಸುವ ಯಂತ್ರದಿಂದ ಹೊರಡುವಾಗ ಖಾತೆಯನ್ನು ಮುಚ್ಚಿ, ಇಳಿಸಿದ ಕಡತಗಳನ್ನು ಅಳಿಸಿ ಹೋಗುವುದನ್ನು ಮೊದಲ ಪಾಠವಾಗಿ ಕಲಿಸಬೇಕು. ಕೆಲಸ ಕೊಡಿಸುತ್ತೇವೆಂದು ಮುಂಗಡ ಹಣ ಕೇಳುವವರನ್ನು, ಒಟಿಪಿ ಕೇಳುವವರನ್ನು ಗುರುತಿಸುವುದು ಎರಡನೆಯ ಪಾಠ. ವಿದೇಶದ ಕೆಲಸದ ಆಸೆ ತೋರಿಸಿ ಮೋಸ ಮಾಡುವವರ ಕಥೆ ಗಲ್ಫಿಗೆ ಜನ ಹೋಗುವ ನಮ್ಮ ಜಿಲ್ಲೆಗೆ ಹೊಸದಲ್ಲ. ಈಗ ಅದು ವಾಟ್ಸ್‌ಆ್ಯಪ್ ಮೂಲಕ ಬರುತ್ತದೆ, ಅಷ್ಟೆ.

ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಅವುಗಳಲ್ಲಿ ನಾಲ್ಕನೆಯದು ಓದುಗರ ಸಮಯದ ಉಳಿತಾಯವನ್ನು ಕುರಿತದ್ದು. ಐದನೆಯದು ಗ್ರಂಥಾಲಯದ ನಿರಂತರ ಬೆಳವಣಿಗೆಯನ್ನು ಕುರಿತದ್ದು. ಉದ್ಯೋಗಾರ್ಥಿಯ ಪಾಲಿಗೆ ಸಮಯವೆಂದರೆ ವಯಸ್ಸು. ವಯೋಮಿತಿ ದಾಟಿದ ಮೇಲೆ ಎಷ್ಟು ಓದಿದ್ದರೂ ಬಾಗಿಲು ಮುಚ್ಚಿದಂತೆಯೇ. ಆದ್ದರಿಂದ ಅವನ ಒಂದು ದಿನವನ್ನು ಉಳಿಸುವುದೂ ದೊಡ್ಡ ಸೇವೆ. ಗಣಕಯಂತ್ರ ಬಂದರೆ ಪುಸ್ತಕ ಹೋಗುತ್ತದೆ ಎಂಬ ಹಿರಿಯರ ಆತಂಕ ನನಗೆ ಅರ್ಥವಾಗುತ್ತದೆ. ಅರ್ಜಿ ತುಂಬಲು ಬಂದ ಹುಡುಗಿ ಸರದಿ ಕಾಯುವಾಗ ಕಪಾಟಿನಿಂದ ಒಂದು ಕಾದಂಬರಿಯನ್ನು ಎತ್ತಿಕೊಳ್ಳುವುದನ್ನು ನೋಡಿದವನಾಗಿ ಹೇಳುತ್ತೇನೆ: ಪುಸ್ತಕಕ್ಕೆ ಇದರಿಂದ ಓದುಗರು ಹೆಚ್ಚುತ್ತಾರೆ.

ಇದು ಬೇರೆಡೆಗಳಲ್ಲಿ ನಡೆಯದ ಕೆಲಸವೇನೂ ಅಲ್ಲ. ಅಮೆರಿಕದಲ್ಲಿ ಆರ್ಥಿಕ ಕುಸಿತದ ದಿನಗಳಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಒಂದು ವರ್ಷದಲ್ಲಿ ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳ ಗಣಕಯಂತ್ರ ಹಾಗೂ ಅಂತರಜಾಲವನ್ನು ಬಳಸಿದವರು ಸುಮಾರು 7.7 ಕೋಟಿ ಮಂದಿ. ಅವರಲ್ಲಿ ಸುಮಾರು 3 ಕೋಟಿ ಮಂದಿ ಉದ್ಯೋಗದ ಕಾರಣಕ್ಕೆ ಬಂದವರು. ನೆರೆಯ ಕರ್ನಾಟಕದಲ್ಲಿ 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ವಹಿಸಿದ ಬಳಿಕ ಅವು ‘ಅರಿವು ಕೇಂದ್ರ’ಗಳಾಗಿ ರೂಪುಗೊಂಡಿವೆ, ಎಷ್ಟೋ ಕಡೆ ಗಣಕಯಂತ್ರಗಳೂ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳೂ ಬಂದಿವೆ. ಗಡಿಯಾಚೆಯ ಆ ಅನುಭವವನ್ನು ನಾವು ನೋಡಿ ಕಲಿಯಬಹುದು.

ನಮ್ಮ ನೆಲದಲ್ಲೂ ಇದಕ್ಕೆ ಹಳೆಯ ಮಾದರಿ ಇದೆ. ಕಣ್ಣೂರಿನ ಬೀಡಿ ಕಾರ್ಮಿಕರು ಬೀಡಿ ಕಟ್ಟುತ್ತಿರುವಾಗ ಅವರಲ್ಲೊಬ್ಬರು ದಿನಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಓದುವವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಓದಲು ಬಾರದವರೂ ಲೋಕದ ಆಗುಹೋಗುಗಳನ್ನು ತಿಳಿದುಕೊಂಡದ್ದು ಹಾಗೆ. ಬಲ್ಲ ಒಬ್ಬರು ಬಾರದ ಹತ್ತು ಮಂದಿಯ ಪಕ್ಕ ಕುಳಿತುಕೊಳ್ಳುವುದು, ಆ ಒಬ್ಬರ ಹೊರೆಯನ್ನು ಹತ್ತು ಮಂದಿ ಹಂಚಿಕೊಳ್ಳುವುದು: ಗ್ರಂಥಾಲಯ ಚಳವಳಿಯ ತಿರುಳು ಇದೇ. ಅಂದು ದಿನಪತ್ರಿಕೆ ಇದ್ದ ಜಾಗದಲ್ಲಿ ಇಂದು ಗಣಕಯಂತ್ರವಿದೆ.

ಕೊನೆಯದಾಗಿ ಹಳೆ ವಿದ್ಯಾರ್ಥಿ ಸಂಘದ ಮುಂದೆ ಒಂದು ಬೇಡಿಕೆಯನ್ನು ಇಡುತ್ತೇನೆ. ಶತಮಾನೋತ್ಸವದ ನೆನಪಿಗೆ ಕಮಾನು ಕಟ್ಟುವ, ರಂಗಮಂದಿರ ಕಟ್ಟುವ ಯೋಜನೆಗಳು ಇರಬಹುದು, ಅವೂ ಆಗಲಿ. ಅದರ ಜೊತೆಗೆ, ಹತ್ತಿರದ ಸಾರ್ವಜನಿಕ ಗ್ರಂಥಾಲಯದ ಸಮಿತಿಯೊಂದಿಗೆ ಮಾತನಾಡಿ ಅಲ್ಲೊಂದು ಉದ್ಯೋಗ ಮೂಲೆಯನ್ನು ತೆರೆಯೋಣ. ಕಚೇರಿಗಳಲ್ಲಿ ದುಡಿದು ನಿವೃತ್ತರಾದವರು ವಾರಕ್ಕೊಂದು ಸಂಜೆ ಕೊಡಲಿ. ಅಧ್ಯಾಪಕರು ಟಿಪ್ಪಣಿ ಬರೆಯಲಿ. ಹೈಸ್ಕೂಲುಗಳ ‘ಲಿಟ್ಲ್ ಕೈಟ್ಸ್’ ಕೂಟದ ಮಕ್ಕಳು ಹಿಂದೆ ತಾಯಂದಿರಿಗೆ ಸೈಬರ್ ಸುರಕ್ಷತೆಯ ಪಾಠ ಹೇಳಿದ್ದರು; ಅಂಥ ಮಕ್ಕಳು ರಜಾದಿನಗಳಲ್ಲಿ ಅಕ್ಕ ಅಣ್ಣಂದಿರಿಗೆ ಕನ್ನಡದ ಬೆರಳಚ್ಚನ್ನು ಕಲಿಸಲಿ. ದೂರದ ಊರುಗಳಲ್ಲಿರುವವರು ತಾವು ಬದಲಾಯಿಸುವ ಹಳೆಯ ಯಂತ್ರಗಳನ್ನು ಕಳುಹಿಸಿಕೊಡಲಿ.

ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸಿದರೆ ಮುಂದೆ ಗತಿಯೇನು ಎಂದು ತಂದೆತಾಯಂದಿರು ಕೇಳುತ್ತಾರೆ. ಆ ಪ್ರಶ್ನೆಗೆ ಭಾಷಾಭಿಮಾನದ ಭಾಷಣದಿಂದ ಉತ್ತರ ಸಿಗುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ನೆರೆಮನೆಯ ಹುಡುಗಿ ಕೆಲಸಕ್ಕೆ ಹೊರಟು ನಿಂತಾಗ ಅವರಿಗೆ ಉತ್ತರ ಸಿಗುತ್ತದೆ. ಈ ಶಾಲೆಯ ಎರಡನೆಯ ಶತಮಾನದ ಮೊದಲ ತರಗತಿಗೆ ಎಷ್ಟು ಮಕ್ಕಳು ಬಂದು ಸೇರುತ್ತಾರೆ ಎಂಬುದು ಅಂಥ ಉತ್ತರಗಳನ್ನೇ ಅವಲಂಬಿಸಿದೆ.